ತಾರಸಿಯ ಮೇಲೆ ಹನ್ನೆರಡು ದಿನ

ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ನೋಡುವುದು ನನ್ನ ಕೆಲಸ. ಹೊಸ ಯಂತ್ರವೊಂದನ್ನು ನೋಡಿ ಒಪ್ಪಿ ಬರಲಿ ಎಂದು ಹೋದ ಚಳಿಗಾಲದಲ್ಲಿ ನನ್ನನ್ನು ಜರ್ಮನಿಗೆ ಕಳಿಸಿದ್ದರು. ಕೆಲಸವೇನೋ ಸಲೀಸಾಗಿ ಮುಗಿಯಿತು. ವಾಪಸು ಬರುವುದೇ ಪಡಿಪಾಟಲಾಯಿತು. ಮಂಜು ಕವಿದು ಮೊದಲ ವಿಮಾನ ತಡವಾಯಿತು, ಎರಡನೆಯದು ತಪ್ಪಿಹೋಯಿತು. ನಡುದಾರಿಯ ನಿಲ್ದಾಣದಲ್ಲಿ ಹತ್ತೊಂಬತ್ತು ಗಂಟೆ ಒಂದೇ ಕುರ್ಚಿಗೆ ಅಂಟಿಕೊಂಡು ಕೂತಿದ್ದೆ. ಮನೆಗೆ ಬಂದು ಶೂ ಬಿಚ್ಚಿದರೆ ಪಾದ ಎಷ್ಟು ಊದಿತ್ತೆಂದರೆ ಹಿಮ್ಮಡಿಯ ಮೇಲಿನ ಗಂಟುಮೂಳೆಯೇ ಕಾಣುತ್ತಿರಲಿಲ್ಲ.

"ಒಂದು ವಾರ ಓಟಗೀಟ ಅಂತ ಹೊರಡ್ಬೇಡ," ಎಂದರು ನನ್ನ ಗಂಡ. ನಾನೂ ಹೂಂ ಅಂದೆ.

ಎರಡು ದಿನ ಬಿಟ್ಟು, ಶನಿವಾರ ಸಂಜೆ ಅವಳ ಫೋನ್ ಬಂತು.

ಅವಳು ಅನ್ನಪೂರ್ಣೇಶ್ವರಿ ನಗರದವಳು. ಮೂವತ್ತು ದಾಟಿದೆ, ಬ್ಯಾಂಕಿನಲ್ಲಿ ಕೆಲಸ. ಹುಟ್ಟಿನಿಂದ ಕಣ್ಣು ಕಾಣಿಸದು. ಎರಡು ವರ್ಷದಿಂದ ನಾವಿಬ್ಬರೂ ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಜೊತೆಗೆ ಓಡುತ್ತಿದ್ದೇವೆ. ಒಂದು ಗೇಣುದ್ದದ ಹಗ್ಗ, ಎರಡು ತುದಿಗೂ ಕುಣಿಕೆ. ಒಂದು ನನ್ನ ಬಲಗೈಗೆ, ಇನ್ನೊಂದು ಅವಳ ಎಡಗೈಗೆ. "ಎಡಕ್ಕೆ", "ಹಂಪು", "ನಾಯಿ ಮಲಗಿದೆ" ಎಂದು ಹೇಳುತ್ತಾ ಪಕ್ಕದಲ್ಲಿ ಓಡುವುದು ನನ್ನ ಪಾಲಿನ ಕೆಲಸ.

"ಅಕ್ಕಾ, ಬಂದ್ರಾ? ನಾಳೆ ಹೋಗೋಣ್ವಾ?"

ನನ್ನಿಂದಾಗಿ ಅವಳ ಅಭ್ಯಾಸವೂ ನಿಂತಿರಬೇಕು ಅನ್ನಿಸಿ, ಆಗಲ್ಲ ಅನ್ನಲು ಬಾಯಿ ಬರಲಿಲ್ಲ. ಬೆಳಿಗ್ಗೆ ಸ್ಕೂಟರಿನಲ್ಲಿ ಅವಳ ಮನೆಗೆ ಹೋಗಿ ಕರೆದುಕೊಂಡು ಬಂದೆ.

ಮೊದಲ ಕಿಲೋಮೀಟರಿಗೇ ನನ್ನ ಬಣ್ಣ ಬಯಲಾಯಿತು. ಕಾಲು ಮರದ ತುಂಡು. ಉಸಿರು ಎದೆಯ ಮೇಲ್ಭಾಗದಲ್ಲೇ ಸಿಕ್ಕಿಕೊಂಡಿತ್ತು.

"ಅಕ್ಕಾ, ನಿಮ್ಮ ಎಡಗಾಲು ಜೋರಾಗಿ ಬೀಳ್ತಾ ಇದೆ," ಎಂದಳು. "ನೋವಿದ್ಯಾ?"

"ಊದ್ಕೊಂಡಿದೆ ಕಣೇ."

"ಹಾಗಿದ್ರೆ ನಿಧಾನ ಮಾಡೋಣ." ಅವಳೇ ವೇಗ ತಗ್ಗಿಸಿದಳು.

ಬಿದಿರು ಮೆಳೆ ದಾಟಿದ ಮೇಲೆ ರಸ್ತೆಗೊಂದು ಹಂಪು ಇದೆ. ಏದುಸಿರಿನಲ್ಲಿ ಅದನ್ನು ಹೇಳುವುದೇ ಮರೆತೆ. ನೆನಪಾಗಿ ಬಾಯಿ ತೆರೆಯುವಷ್ಟರಲ್ಲಿ ಅವಳು ಹೆಜ್ಜೆ ಎತ್ತಿಟ್ಟು ದಾಟಿಯಾಗಿತ್ತು. ಎಡವಿದವಳು ನಾನು.

"ನಿಂಗೆ ಹೆಂಗೆ ಗೊತ್ತಾಯ್ತು?"

"ಬಿದಿರಿನ ಸದ್ದು ನಿಂತ ಮೇಲೆ ಹದಿನೆಂಟು ಹೆಜ್ಜೆ. ಇವತ್ತು ನಿಧಾನ ಅಲ್ವಾ, ಇಪ್ಪತ್ತೆರಡು ಆಯ್ತು."

ಎರಡು ವರ್ಷ ಅವಳಿಗೆ ದಾರಿ ತೋರಿಸುತ್ತಿದ್ದೇನೆ ಅಂದುಕೊಂಡಿದ್ದೆ. ಈ ರಸ್ತೆಯ ಏರು, ಇಳಿತ, ಮರದ ತಂಪು, ತಿರುವಿನ ಗಾಳಿ ಎಲ್ಲವೂ ಅವಳೊಳಗೆ ಅಳತೆ ಸಮೇತ ಕೂತಿದ್ದವು.

ಇನ್ನೊಂದು ಕಿಲೋಮೀಟರಿನಲ್ಲಿ ನನಗೆ ತಲೆ ಸುತ್ತಿತು. ಮೋರಿಕಟ್ಟೆಯ ಮೇಲೆ ಕೂತುಬಿಟ್ಟೆ. ಅವಳು ಸೊಂಟದ ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ ನನ್ನ ಕೈಗಿಟ್ಟಳು. ಆಗ ಅವಳ ಎರಡೂ ಕೈ ಬೆರಳುಗಳ ಒಳಮೈ ನೋಡಿದೆ. ಉದ್ದಕ್ಕೂ ಚರ್ಮ ಸುಲಿದು, ಕೆಲವು ಕಡೆ ಹಕ್ಕಳೆ ಕಟ್ಟಿತ್ತು.

"ಇದೇನೇ ಇದು, ಕೈ ಸುಟ್ಕೊಂಡ್ಯಾ?"

ಅವಳು ನಾಚಿಕೊಂಡು ಕೈ ಮಡಿಚಿದಳು. "ಇಲ್ಲಕ್ಕಾ. ನೀವಿರ್ಲಿಲ್ವಲ್ಲ, ತಾರಸಿ ಮೇಲೆ ಓಡ್ತಾ ಇದ್ದೆ. ನೀರಿನ ಟ್ಯಾಂಕಿಂದ ಮೆಟ್ಟಿಲ ಗೋಡೆವರೆಗೂ ಬಟ್ಟೆ ಒಣಗಿಸೋ ಹಗ್ಗ ಇದೆ. ಅದರ ಮೇಲೆ ಬೆರಳು ಜಾರಿಸ್ಕೊಂಡು ಓಡೋದು, ಗೋಡೆ ತಾಗಿದ್ರೆ ತಿರುಗೋದು."

"ಎಷ್ಟು ಉದ್ದ ಅದು?"

"ಇಪ್ಪತ್ತಾರು ಹೆಜ್ಜೆ. ದಿನಾ ಮುನ್ನೂರು ಸಲ. ಹನ್ನೆರಡು ದಿನಾನೂ ತಪ್ಪಿಸ್ಲಿಲ್ಲ." ಆಮೇಲೆ ನಕ್ಕಳು. "ಕೆಳಗಡೆ ಮನೆ ಆಂಟಿ ಮಾತ್ರ ಬೈದ್ರು. ತಲೆ ಮೇಲೆ ರಾಗಿ ಬೀಸ್ದಂಗೆ ಆಗುತ್ತಂತೆ."

ನನಗೆ ನಗು ಬರಲಿಲ್ಲ. ಆ ವಿಮಾನ ನಿಲ್ದಾಣದಲ್ಲಿ ಕಣ್ಣು ಹಾಯುವಷ್ಟು ದೂರ ನುಣುಪು ನೆಲವಿತ್ತು. ಎದ್ದು ನಾಲ್ಕು ಹೆಜ್ಜೆ ನಡೆಯಲೂ ನಾನು ಬೇಸರಪಟ್ಟಿದ್ದೆ. ಇವಳು ಇಪ್ಪತ್ತಾರು ಹೆಜ್ಜೆಯ ತಾರಸಿಯಲ್ಲಿ, ಬೆರಳು ಸುಲಿಯುವವರೆಗೆ ಓಡಿದ್ದಳು. ಅದನ್ನು ಒಂದು ದೊಡ್ಡ ವಿಷಯವೆಂದು ಫೋನಿನಲ್ಲೂ ಹೇಳಿರಲಿಲ್ಲ. ಅವಳ ಮುಖವನ್ನೇ ನೋಡುತ್ತಾ ಕೂತೆ.

"ಒಂದು ಕೆಲಸ ಮಾಡೋಣ," ಎಂದೆ. "ನಾನು ಕಣ್ಣು ಮುಚ್ಕೋತೀನಿ. ನೀನು ಕರ್ಕೊಂಡು ಹೋಗು."

"ಅಯ್ಯೋ, ಬೇಡಕ್ಕಾ, ಯಾವುದಾದ್ರೂ ಗಾಡಿ ಬಂದ್ರೆ?"

"ಯಾರೂ ಇಲ್ಲ, ನೇರ ರಸ್ತೆ. ಸ್ವಲ್ಪ ದೂರ ಅಷ್ಟೆ."

ಎದ್ದು ಕಣ್ಣು ಮುಚ್ಚಿದೆ. ಐದನೇ ಹೆಜ್ಜೆಗೆ ಮುಂದೆ ಗೋಡೆಯಿದೆ ಅನ್ನಿಸಿತು. ಎಂಟನೆಯದಕ್ಕೆ ನೆಲವೇ ಇಲ್ಲ ಅನ್ನಿಸಿತು. ಹಗ್ಗ ಮಾತ್ರ ಒಂದೇ ಸಮ ಎಳೆಯುತ್ತಿತ್ತು. "ಬನ್ನಿ, ಬನ್ನಿ, ಏನೂ ಇಲ್ಲ," ಎನ್ನುತ್ತಿದ್ದಳು. ಹನ್ನೊಂದನೇ ಹೆಜ್ಜೆಗೆ ತಡೆಯಲಾಗದೆ ಕಣ್ಣು ಬಿಟ್ಟೆ. ಅವಳು ಬೆನ್ನು ನೆಟ್ಟಗೆ ಮಾಡಿ, ಗದ್ದ ಎತ್ತಿಕೊಂಡು, ಬೆಳಕಾಗುತ್ತಿದ್ದ ರಸ್ತೆಯಲ್ಲಿ ಹಗುರಾಗಿ ಹೋಗುತ್ತಿದ್ದಳು. ಇಂಥ ಕತ್ತಲೊಳಗೆ ಇವಳು ಇಷ್ಟು ಕಾಲ ನನ್ನ ಒಂದೊಂದು ಮಾತು ನಂಬಿ ಕಾಲಿಟ್ಟಿದ್ದಾಳಲ್ಲ ಅನ್ನಿಸಿತು.

ಆ ದಿನ ಮೂರು ಕಿಲೋಮೀಟರಿಗೆ ನಿಲ್ಲಿಸಿದೆವು. ನನ್ನ ಮಾಮೂಲಿ ವೇಗ ಹಿಂದಿರುಗಲು ಮೂರು ವಾರ ಹಿಡಿಯಿತು. ಅಷ್ಟೂ ದಿನ ಅವಳು ನನ್ನ ಉಸಿರು ಕೇಳಿಕೊಂಡು ಹೆಜ್ಜೆ ಹೊಂದಿಸಿದಳು. ನಾಲ್ಕನೇ ಭಾನುವಾರ ಏರಿನಲ್ಲಿ, "ಅಕ್ಕಾ, ಈಗ ಸ್ವಲ್ಪ ಜೋರಾಗಿ ಓಡ್ಲಾ?" ಎಂದು ಕೇಳಿದಳು.

"ಓಡು," ಎಂದೆ. ಅವಳ ಸಮಕ್ಕೆ ಓಡಲು ನಾನು ಹಲ್ಲು ಕಚ್ಚಬೇಕಾಯಿತು.