ಪಾರ್ಟಿನಮ್ಮನ ಬಣ್ಣ ಒರೆಸಿದ್ದು

ಅವರ ಮುಖ ಬೆಳ್ಳಗೆ, ಕತ್ತು ಕಪ್ಪಗೆ. ಪೌಡರು ಗದ್ದದ ಕೆಳಗೆ ಗೆರೆ ಎಳೆದ ಹಾಗೆ ನಿಂತುಬಿಡುತ್ತಿತ್ತು. ಬೆಳಿಗ್ಗೆ ಬಾವಿಗೆ ಬರುವಾಗಲೂ ಅಷ್ಟೇ, ಆಷಾಢದ ಮಳೆಯಲ್ಲೂ ಅಷ್ಟೇ. ಪಕ್ಕದ ಮನೆಯಲ್ಲೇ ಇದ್ದರೂ ನಾನು ಅವರ ಬರಿಮುಖ ಕಂಡವಳಲ್ಲ.

ಮೂಡಿಗೆರೆಯಲ್ಲಿ ಎಲ್ಲರೂ ಅವರನ್ನು ಪಾರ್ಟಿನಮ್ಮ ಎನ್ನುತ್ತಿದ್ದರು. ನಾಟಕ ಕಂಪನಿಯೊಂದು ಮಳೆಗೆ ಸಿಕ್ಕಿ ಇಲ್ಲಿ ಮುರಿದುಬಿದ್ದಾಗ ಉಳಿದವರೆಲ್ಲ ಗಾಡಿ ಹತ್ತಿದರು. ರಾಣಿಯ ಪಾರ್ಟು ಮಾಡುತ್ತಿದ್ದ ಇವರೊಬ್ಬರು ಇಲ್ಲೇ ಉಳಿದರು. ಯಾಕೆ ಎಂದು ಕೇಳಿದರೆ ಪ್ರತಿ ಸಲವೂ ಬೇರೆ ಕಾರಣ.

ಶನಿವಾರ ಸಂಜೆ ಅವರನ್ನು ಕರೆದೊಯ್ಯಲು ಪ್ಲಾಂಟರುಗಳ ಕ್ಲಬ್ಬಿನಿಂದ ಕಾರು ಬರುತ್ತಿತ್ತು. ಅಲ್ಲಿ ಬಿಳಿ ದೊರೆಗಳ ಮುಂದೆ ಉದ್ದ ಗೌನು ತೊಟ್ಟು ಇಂಗ್ಲಿಷ್ ಹಾಡು ಹಾಡುತ್ತಿದ್ದರು. ಇಂಗ್ಲಿಷ್ ಒಂದಕ್ಷರ ಬಾರದು, ಎಲ್ಲ ಗ್ರಾಮಾಫೋನ್ ಪ್ಲೇಟು ಕೇಳಿ ಕಲಿತದ್ದು. ಅರ್ಥ ತಿಳಿಯದೆ ಹೇಗೆ ಹಾಡುತ್ತೀರಿ ಎಂದು ಕೇಳಿದ್ದೆ.

"ಅರ್ಥ ಯಾಕೆ ಹುಡುಗಿ? ದೊರೆ ಕಣ್ಣೊರೆಸ್ಕೊಳ್ಳೋ ಜಾಗ ನಂಗೆ ಗೊತ್ತು. ಅಲ್ಲಿ ಚೂರು ಎಳೀತೀನಿ."

ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಅತ್ತೆಯ ಎದುರು ಬಾಯೇ ಬರುತ್ತಿರಲಿಲ್ಲ. ಪಾರ್ಟಿನಮ್ಮ ಬೇಲಿಯಾಚೆ ನಿಂತು ಅತ್ತೆಯ ಪಾರ್ಟು ತಾವು ಮಾಡಿ, ಸೊಸೆಯ ಮಾತು ನನ್ನಿಂದ ಹೇಳಿಸಿದರು. "ಗಂಟ್ಲಿಂದ ಬೇಡ ಕಣೆ, ಹೊಟ್ಟೆಯಿಂದ ಹೇಳು." ನಾನಿಂದು ನಾಲ್ಕು ಜನರ ಎದುರು ಮಾತಾಡುತ್ತಿದ್ದರೆ ಅದು ಅವರ ಋಣ.

ಅವರದೊಂದು ನೇಮವಿತ್ತು. ಬಣ್ಣ ಹಚ್ಚಿದ ಮೇಲೆ ಸ್ವಂತ ಹೆಸರು, ಊರು ಹೇಳುವಂತಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದ ಮೇಲಷ್ಟೇ. "ಕಂಪನಿ ಪದ್ಧತಿ ಅದು. ಬಣ್ಣ ಇಟ್ಕೊಂಡೇ ಮಲಗಿದ್ರೆ ಪಾರ್ಟು ಮೈಯಿಂದ ಇಳಿಯಲ್ಲ." ಪೌಡರೂ ಬಣ್ಣವೇ ಎಂದು ನನಗೆ ಆಗ ಹೊಳೆಯಲಿಲ್ಲ.

ಯುದ್ಧದ ಕಾಲದಲ್ಲಿ ಚಳಿಜ್ವರ ಅವರನ್ನು ಪೌಡರಿನ ಮುಖದಲ್ಲೇ ಕೊಂಡೊಯ್ದಿತು. ಮಣ್ಣು ಮಾಡಬೇಕಾದವರು ಯಾರು ಎಂದು ಅವರ ಅಂಗಳದಲ್ಲಿ ಪೇಚಾಟ ಶುರುವಾಯಿತು.

"ಅವ್ರು ನಮ್ಮವ್ರೇ," ಎಂದರು ಕ್ಲಬ್ಬಿನ ಬಟ್ಲರು, ಮಂಗಳೂರು ಕಡೆಯ ಕ್ರೈಸ್ತರು. "ಗೋವಾದಲ್ಲಿ ಹುಟ್ಟಿದ್ದು ಅಂತ ನನ್ ಹತ್ರ ಅತ್ಕೊಂಡು ಹೇಳಿದಾರೆ."

ಬಣಕಲ್ಲಿನ ಬಟ್ಟೆ ಅಂಗಡಿಯ ಸಾಹೇಬರು ಒಪ್ಪಲಿಲ್ಲ. "ಇಲ್ಲ ಮಾರಾಯ, ರಂಜಾನಲ್ಲಿ ನಮ್ಮನೆ ಹೆಂಗಸ್ರ ಜೊತೆ ಉಪವಾಸ ಇದ್ರು. ಅವ್ರ ತಂದೆ ಹೈದರಾಬಾದಲ್ಲಿ ಸಾರಂಗಿ ಬಾರಿಸ್ತಿದ್ರಂತೆ."

ನನ್ನ ಹತ್ತಿರ, ನಮ್ಮ ಹಾಗೆಯೇ ಲಿಂಗಾಯತರ ಮನೆಯವಳು, ಧಾರವಾಡದವಳು ಎಂದು ಹೇಳಿ ಕಣ್ಣೀರು ಹಾಕಿದ್ದರು. ಮೂರು ಕಡೆಯಲ್ಲೂ ಹೂಳುವುದೇ ರೂಢಿ, ಅದಕ್ಕೆ ಯಾರದೂ ತಕರಾರಿಲ್ಲ, ಆದರೆ ಯಾರ ಮಣ್ಣಿನಲ್ಲಿ, ಯಾವ ಶಾಸ್ತ್ರದಲ್ಲಿ?

"ನಿಂಗೆ ಗೊತ್ತಿರ್ಬೇಕಲ್ಲ, ಹೇಳು," ಎಂದರು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ನಮ್ಮ ಯಜಮಾನರು. ನನಗೋ ತಲೆಬುಡ ತಿಳಿಯದು. ಅವರನ್ನು ಬೇರೆ ಯಾರನ್ನೋ ಮಾಡಿ ಕಳಿಸಿಬಿಟ್ಟರೆ ಎಂಬ ಭಯವೊಂದೇ.

ಕೊನೆಗೆ ಹೊಟ್ಟೆಯಿಂದ ಹೇಳಿದೆ. "ತಡೀರಿ. ಮೊದ್ಲು ಬಣ್ಣ ಒರೆಸ್ಬೇಕು."

ಕೊಬ್ಬರಿ ಎಣ್ಣೆ, ಹಳೆ ಪಂಚೆಯ ಚೂರು ತಂದು ಹಣೆಯಿಂದ ಶುರುಮಾಡಿದೆ. ಪೌಡರಿನಡಿ ಕತ್ತಿನಷ್ಟೇ ಕಪ್ಪು ಮುಖ. ಗದ್ದದ ಮೇಲೊಂದು ಹಚ್ಚೆ. ಬಟ್ಲರು ಬಗ್ಗಿ ನೋಡಿದರು, ಸಾಹೇಬರೂ ನೋಡಿದರು.

"ಈ ಹಚ್ಚೆ ನಮ್ಮ ಕಡೇದಲ್ಲ," ಎಂದರು ಇಬ್ಬರೂ. ನಮ್ಮ ಕಡೆಯದೂ ಆಗಿರಲಿಲ್ಲ.

ಕಂಪನಿಯ ಡೇರೆ ಹಾಕಿದ್ದ ಬಯಲಿನ ಅಂಚಿನಲ್ಲಿ ಗುಂಡಿ ತೆಗೆಸಿದೆವು. ಅವರು ಅಲ್ಲಿಯವರೆಂಬುದೊಂದೇ ನಮಗೆಲ್ಲ ಗೊತ್ತಿದ್ದದ್ದು. ಬಟ್ಲರು ತಮ್ಮ ಪ್ರಾರ್ಥನೆ ಹೇಳಿಕೊಂಡರು, ಸಾಹೇಬರು ತಮ್ಮದನ್ನು. ಮಣ್ಣು ಹಾಕುವ ಮೊದಲು ನಾನು ಬಗ್ಗಿ ಆ ಮುಖ ನೋಡಿದೆ. ಬಣ್ಣ ಇಳಿದಿತ್ತು. ಇನ್ನು ಅವರು ತಮ್ಮ ಹೆಸರು ಹೇಳಬಹುದಿತ್ತು.