ಮೇಲೆ ತಲುಪಿದಾಗ ಕೈ ನಡುಗಬಾರದು

ದೋನ್ ನಿಕಾನೊರ್ ಅವರನ್ನು ನಾನು ಮೊದಲು ಹತ್ತಿರದಿಂದ ನೋಡಿದ್ದು ಒಂದು ಗುರುವಾರ. ನನ್ನ ಗಂಡ ಅಬುಂದಿಯೊ ತೀರಿಕೊಂಡು ಹನ್ನೆರಡು ದಿನ ಆಗಿತ್ತು. ಅವನು ಇರೋವರೆಗೂ ಗ್ಯಾಸಿನವರ ಜೊತೆ ಮಾತೆಲ್ಲ ಅವನದೇ. ಅವತ್ತು ತಮಾಲೆ, ಅಂದರೆ ಜೋಳದ ಹಿಟ್ಟಿನ ಕಡುಬು, ಅರ್ಧ ಬೆಂದಿತ್ತು, ಒಲೆ ಆರಿಹೋಯಿತು. ಕೆಳಗಿನ ಮೆಟ್ಟಿಲಿಂದ "ಗಾಆಆಸ್!" ಅಂತ ಕೂಗು ಬಂತು. ಬಾಗಿಲು ತೆಗೆದು ಕೈ ಬೀಸಿದೆ.

ಐವತ್ತರ ಹತ್ತಿರದ ಮನುಷ್ಯ, ಕುಳ್ಳು, ಹೆಗಲ ಮೇಲೆ ಮಡಿಸಿದ ಗೋಣಿ, ಅದರ ಮೇಲೆ ಸಿಲಿಂಡರ್. ಅಡುಗೆಮನೆಯಲ್ಲಿ ಇಳಿಸಿದರು. ಇಳಿಸಿ, ಏನೂ ಮಾಡದೆ ಕಣ್ಣು ಮುಚ್ಚಿ ನಿಂತುಬಿಟ್ಟರು. ತುಟಿ ಸ್ವಲ್ಪ ಮುಂದೆ ಚಾಚಿತ್ತು.

"ಮೈಗೆ ಹುಷಾರಿಲ್ವಾ?" ಅಂದೆ.

ಒಂದು ಬೆರಳೆತ್ತಿದರು, ಸುಮ್ಮನಿರಿ ಅನ್ನೋ ಹಾಗೆ. ಪ್ರಾರ್ಥನೆ ಮಾಡ್ತಿದಾರೆ ಅಂದುಕೊಂಡು ನಾನೂ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡೆ. ಆಮೇಲೆ ಅವರು ಕಣ್ಣು ಬಿಟ್ಟು, ರೆಗ್ಯುಲೇಟರ್ ಕೂರಿಸಿ, ತಿರುಪು ಬಿಗಿದು, ಬಟ್ಟಲಲ್ಲಿ ಸೋಪಿನ ನೊರೆ ಮಾಡಿ ಬ್ರಷ್ಷಿನಿಂದ ಸುತ್ತ ಹಚ್ಚಿದರು. ಬಗ್ಗಿ ನೋಡಿದರು.

"ಗುಳ್ಳೆ ಏಳ್ತಿಲ್ಲ. ಹಚ್ಚಿ ಒಲೆ."

"ಪ್ರಾರ್ಥನೆ ಯಾವ ಸಂತನಿಗೆ?"

"ಪ್ರಾರ್ಥನೆ ಅಲ್ಲ ದೋನ್ಯಾ, ಉಸಿರು. ನಿನ್ನೆ ಟಿವಿಯಲ್ಲಿ ಅಡೆತಡೆ ಓಟದ ಪಂದ್ಯ ನೋಡ್ಲಿಲ್ವಾ ನೀವು? ಹಳದಿ ತಂಡದ ಉದ್ದ ಕಾಲಿನವನು ಕೆಸರು ದಾಟಿ, ಗೋಡೆ ಹಾರಿ, ಎಲ್ಲರಿಗಿಂತ ಮುಂಚೆ ಬಂದ. ಬಂದು ಮರಳ ಚೀಲ ಎಸೆದ ನೋಡಿ, ಒಂಬತ್ತು ಎಸೆದ, ಒಂಬತ್ತೂ ಗುರಿ ತಪ್ತು. ಹಸಿರಿನವನು ತಡವಾಗಿ ಬಂದ, ನಿಂತ, ಉಸಿರು ಹೊರಗೆ ಬಿಟ್ಟ, ಮೂರೇ ಎಸೆತಕ್ಕೆ ಆಟ ಮುಗಿಸ್ದ. ನಾನು ನೂರ ಮೂವತ್ತೊಂದು ಮೆಟ್ಟಿಲು ಹತ್ತಿ ಬಂದಿದೀನಿ. ನಡುಗೋ ಕೈಯಲ್ಲಿ ತಿರುಪು ಬಿಗಿದ್ರೆ ನಿಮ್ಮ ತಮಾಲೆ ಜೊತೆ ಓಣೀನೂ ಬೆಂದುಹೋಗುತ್ತೆ."

ನನ್ನ ಮನೆ ನೂರ ಮೂವತ್ತೊಂದನೇ ಮೆಟ್ಟಿಲಲ್ಲೇ ಇರೋದು. ನಾನು ಎಣಿಸಿದ್ದೆ, ಅವರೂ ಎಣಿಸಿದ್ದರು. ಅಷ್ಟಕ್ಕೇ ನಮಗೆ ಪರಿಚಯವಾಯಿತು.

ಮೆಕ್ಸಿಕೋದ ಪಚೂಕಾ ಊರಿನ ಈ ಗುಡ್ಡದಲ್ಲಿ ನಮ್ಮ ಓಣಿ ಅಂದರೆ ಮೆಟ್ಟಿಲೇ. ರಸ್ತೆಯಿಂದ ತುದಿಗೆ ಇನ್ನೂರ ಹದಿನಾಲ್ಕು, ಅಗಲ ಒಂದೂವರೆ ಗಜ. ದೋನ್ ನಿಕಾನೊರ್ ಇಪ್ಪತ್ತಾರು ವರ್ಷ ಇದನ್ನು ಹತ್ತಿಳಿದರು. ಮದುವೆ ಆಗಲಿಲ್ಲ. ಮಾರುಕಟ್ಟೆ ಹಿಂದೆ ತಂಗಿಯ ಜೊತೆ ಇದ್ದರು. ಅವರು ಜೋಡಿಸಿದ ಯಾವ ಸಿಲಿಂಡರೂ ಸೋರಿದ್ದನ್ನು ನಾನು ಕೇಳಿಲ್ಲ.

ಆಮೇಲೆ ದಿನಾ ಸಂಜೆ ಬರತೊಡಗಿದರು. ನಾನು ಸಂಜೆ ಬಾಗಿಲಲ್ಲಿ ಅಟೋಲೆ ಗಂಜಿ, ತಮಾಲೆ ಮಾರುತ್ತೇನೆ. ಟಿವಿಯನ್ನು ಕಿಟಕಿಯ ಕಡೆ ತಿರುಗಿಸಿಟ್ಟಿರುತ್ತೇನೆ. ಏಳು ಗಂಟೆಗೆ ಆ ಪಂದ್ಯ ಶುರುವಾದರೆ ಮೆಟ್ಟಿಲ ಮೇಲೆ ಹದಿನೈದು ಜನ. ಎಲ್ಲರೂ ಗೆದ್ದವನನ್ನು ನೋಡಿದರೆ ಇವರು ಕೊನೆಗೆ ಬಂದವನನ್ನು ನೋಡುತ್ತಿದ್ದರು.

ಪಕ್ಕದ ಮನೆ ಎದೆಲ್ಮಿರಾ ರೇಗಿಸುತ್ತಿದ್ದಳು. "ಆ ಸೋತ ಮುಖ ಏನು ನೋಡ್ತೀರಿ? ಗೆದ್ದವನು ಎಷ್ಟು ಚೆನ್ನಾಗಿದಾನೆ!"

"ಅವನು ಚೆನ್ನಾಗಿದಾನೆ ಅಂತ ನೀನು ನೋಡು. ಇವನಿಗೆ ಎಲ್ಲಿ ಕಾಲು ಸೋತಿತು ಅಂತ ನಾನು ನೋಡ್ತೀನಿ. ನಾಳೆ ಮೆಟ್ಟಿಲು ಹತ್ತೋನು ನಾನು ತಾನೇ?"

ಹಾಗೆ ನೋಡಿ ನೋಡಿ ಕಲಿತದ್ದನ್ನು ನಮಗೂ ಹೇಳಿಕೊಟ್ಟರು. ಆ ಪಂದ್ಯದಲ್ಲಿ ಬೀಳುವವರಲ್ಲಿ ಹೆಚ್ಚಿನವರು ಬೀಳೋದು ಇಳಿಯುವಾಗ, ಹತ್ತುವಾಗ ಅಲ್ಲ. ಅದಕ್ಕೇ ಅವರು ಖಾಲಿ ಸಿಲಿಂಡರ್ ಹೊತ್ತು ಇಳಿಯುವುದನ್ನು ಬೇರೆಯಾಗಿ ಅಭ್ಯಾಸ ಮಾಡಿದ್ದರು. ನನಗೆ ಎಡ ಮಂಡಿ ನೋವಿದ್ದಾಗ, ಇಳಿಯೋಕೆ ನೋವಿನ ಕಾಲು ಮುಂದೆ, ಹತ್ತೋಕೆ ಗಟ್ಟಿ ಕಾಲು ಮುಂದೆ ಅಂತ ಹೇಳಿ, ಮೊದಲ ದಿನ ಹತ್ತೇ ಮೆಟ್ಟಿಲು ಇಳಿಸಿದರು. "ಇನ್ನೂ ಹತ್ತು ಆಗುತ್ತೆ" ಅಂದೆ. "ಆಗುತ್ತೆ ಅನ್ನೋವಾಗಲೇ ನಿಲ್ಲಿಸ್ಬೇಕು ದೋನ್ಯಾ, ಆಗಲ್ಲ ಅನ್ನೋವಾಗ ತಡ" ಅಂದರು. ನಾಲ್ಕು ತಿಂಗಳಿಗೆ ನಾನು ರಸ್ತೆಗೆ ಇಳಿದು, ಒಬ್ಬಳೇ ಮೇಲೆ ಬಂದೆ.

ಇನ್ನೊಂದು, ಅವರ ಕೂಗು. ಹಳದಿ ತಂಡದ ತರಬೇತಿಯವನು ಓಡುವವರ ಜೊತೆ ತಾನೂ ಓಡುತ್ತಾ, ಅವರವರ ಹೆಸರು ಅವರ ಬಾಯಲ್ಲೇ ಹೇಳಿಸುತ್ತಿದ್ದ. ಹೆಸರು ಪೂರ್ತಿ ಹೇಳಲು ಆಗದವನು ನಿಧಾನಿಸಬೇಕು. ದೋನ್ ನಿಕಾನೊರ್ ಅದನ್ನು ತಮ್ಮ ಕೂಗಿಗೆ ಹೊಂದಿಸಿಕೊಂಡರು. ಮೆಟ್ಟಿಲುಗಳ ನಡುವೆ ನಿಲ್ಲೋಕೆ ಇರುವ ಪ್ರತಿ ಕಟ್ಟೆಯಲ್ಲೂ "ಗಾಆಆಸ್" ಅಂತ ಐದು ಎಣಿಸುವಷ್ಟು ಉದ್ದ ಕೂಗಬೇಕು. ಕೂಗು ಮೂರಕ್ಕೇ ಮುಗಿದರೆ ಮುಂದಿನ ಮೆಟ್ಟಿಲುಗಳು ನಿಧಾನ. ಜನಕ್ಕೆ ಅದು ಗ್ಯಾಸ್ ಬಂತು ಅನ್ನೋ ಕೂಗು. ಅವರಿಗೆ ತಮ್ಮ ಉಸಿರಿನ ಅಳತೆ.

ಹೋದ ವರ್ಷ ಮಾರ್ಚಿನಲ್ಲಿ ಗ್ಯಾಸಿನ ಕಚೇರಿಯಿಂದ ಸುದ್ದಿ ಬಂತು. ಐವತ್ತು ದಾಟಿದವರು ತುಂಬಿದ ಸಿಲಿಂಡರ್ ಹೊತ್ತು ತಮ್ಮ ಓಣಿಯ ತುದಿಗೆ ಆರು ನಿಮಿಷದಲ್ಲಿ ಹತ್ತಬೇಕು. ಆಗದಿದ್ದರೆ ಓಣಿ ಬಿಟ್ಟು ಗೋದಾಮಿನ ಕೆಲಸ.

"ಗೋದಾಮಲ್ಲಿ ನೆರಳಿದೆ, ಕುರ್ಚಿ ಇದೆ," ಅಂದೆ ನಾನು.

"ಕುರ್ಚಿ ಇದೆ. ಈ ಓಣಿಯ ನಲವತ್ತೆರಡು ಅಡುಗೆಮನೆ ಇಲ್ಲ," ಅಂದರು.

ಮೂರು ವಾರ ಬೆಳಗ್ಗೆ ಐದಕ್ಕೇ ಬಂದು ಅಭ್ಯಾಸ ಮಾಡಿದರು. ಐದೂವರೆ ನಿಮಿಷಕ್ಕೆ ತಂದರು. ಆ ಹೊತ್ತಿಗೆ ಜನ ಮಲಗಿರುತ್ತಾರೆ ಅಂತ ಕೂಗನ್ನು ಬಾಯೊಳಗೇ ಕೂಗುತ್ತಿದ್ದರು. ಪರೀಕ್ಷೆ ಶನಿವಾರ ಅಂತ ಕಚೇರಿಯವರು ಹೇಳಿದ್ದರು. ಆದರೆ ಮೇಲ್ವಿಚಾರಕ ಗಡಿಯಾರ ಹಿಡಿದು ಬಂದದ್ದು ಗುರುವಾರ.

ಗುರುವಾರ ನಮ್ಮ ಓಣಿಗೆ ಗ್ಯಾಸಿನ ದಿನ. ಮೊದಲ ಕಟ್ಟೆಯಲ್ಲಿ ದೋನ್ ನಿಕಾನೊರ್ ಅಭ್ಯಾಸಬಲದಿಂದ ಬಾಯಿಬಿಟ್ಟು ಕೂಗಿಬಿಟ್ಟರು. ಐದು ಎಣಿಸುವಷ್ಟು ಉದ್ದ, ಚೊಕ್ಕ ಕೂಗು. ಅಷ್ಟೇ, ಬಾಗಿಲುಗಳೆಲ್ಲ ತೆರೆದವು. ಒಬ್ಬೊಬ್ಬರೂ ಖಾಲಿ ಸಿಲಿಂಡರನ್ನು ಮೆಟ್ಟಿಲ ಮೇಲೆ ಉರುಳಿಸಿಕೊಂಡು ಬಂದರು.

"ಮೊದಲು ನನಗೆ! ಅವರೆ ಕಾಳು ಒಲೆ ಮೇಲಿದೆ!" ಎದೆಲ್ಮಿರಾ ಅಡ್ಡ ನಿಂತಳು.

"ದಾರಿ... ಬಿಡು... ಪರೀಕ್ಷೆ."

"ನನ್ನ ಸಿಲಿಂಡರೇ ಪರೀಕ್ಷೆ ಮಾಡ್ಕೊಳ್ಳಿ, ಬರೀ ಗಾಳಿ! ಹೆಗಲ ಮೇಲೆ ಇಟ್ಕೊಂಡು ಮೆರವಣಿಗೆ ಹೊರಟ್ರಾ?"

ಅವರ ಹಿಂದಿದ್ದ ಮೇಲ್ವಿಚಾರಕ ಗಡಿಯಾರ ನೋಡುತ್ತಿದ್ದ. ಆಗ ನಾನಾದರೂ ತಿಳಿದುಕೊಳ್ಳಬೇಕಿತ್ತು. ಶನಿವಾರ ಅನ್ನೋದು ತಲೆಯಲ್ಲಿ ಕೂತಿತ್ತು. ಕೂಗು ಹತ್ತಿರ ಬಂದಾಗ ನಾನೂ ನನ್ನ ಖಾಲಿ ಸಿಲಿಂಡರ್ ಎಳೆದು ನೂರ ಮೂವತ್ತೊಂದನೇ ಮೆಟ್ಟಿಲ ನಡುವೆ ಇಟ್ಟೆ. ಅವರು ನನ್ನ ಮುಖ ನೋಡಿ, ಪಕ್ಕದ ಗೋಡೆಗೆ ಒರಗಿ, ಒಂದೊಂದೇ ಕಾಲೆತ್ತಿ ದಾಟಿ ಹೋದರು. ಆಗ ನನಗೆ ಗೊತ್ತಾಯಿತು.

ಏಳು ನಿಮಿಷ ನಲವತ್ತು ಸೆಕೆಂಡು. ತುದಿಯಲ್ಲಿ ಸಿಲಿಂಡರ್ ಇಳಿಸಿ, ಕಣ್ಣು ಮುಚ್ಚಿ ನಿಂತಿದ್ದರಂತೆ. ಮೇಲ್ವಿಚಾರಕ ಬರೆದುಕೊಂಡು ಹೋದ.

ಮರುದಿನ ನಾವು ಒಂಬತ್ತು ಹೆಂಗಸರು ಕಚೇರಿಗೆ ಹೋಗಿ, ದಾರಿ ಕಟ್ಟಿದ್ದು ನಾವು, ತಪ್ಪು ನಮ್ಮದು ಅಂದೆವು. ಮೇಲ್ವಿಚಾರಕ ಕುರ್ಚಿ ಹಾಕಿಸಿ, ನೀರು ಕೊಟ್ಟು, ಪರೀಕ್ಷೆ ಒಂದೇ ಸಲ ಅಂದ.

ನಮ್ಮ ಓಣಿಗೆ ಫಿದೆನ್ಸಿಯೊ ಬಂದ. ಮೂವತ್ತು ವರ್ಷದವನು, ಗಟ್ಟಿಗ. ನಾಲ್ಕು ನಿಮಿಷಕ್ಕೆ ತುದಿ ಮುಟ್ಟುತ್ತಾನೆ, ಇಳಿಸಿದ ಕೂಡಲೇ ತಿರುಪಿಗೆ ಕೈ ಹಾಕುತ್ತಾನೆ. ಮೂರನೇ ವಾರ ನಮ್ಮ ಮನೆಯಲ್ಲಿ ಅವನು ಹೋದಮೇಲೆ ನಾನೇ ನೊರೆ ಹಚ್ಚಿ ನೋಡಿದೆ. ಸಣ್ಣ ಗುಳ್ಳೆ, ಒಂದರ ಹಿಂದೆ ಒಂದು. ಕಿಟಕಿ ತೆಗೆದು, ನಾನೇ ಬಿಗಿದೆ.

ದೋನ್ ನಿಕಾನೊರ್ ಗೋದಾಮಿನಲ್ಲಿ ಐದು ತಿಂಗಳು ಸಿಲಿಂಡರಿಗೆ ಬಣ್ಣ ಬಳಿದರು. ಆಮೇಲೆ ತಂಗಿಯ ಜೊತೆ ತುಲಾನ್ಸಿಂಗೊ ಊರಿಗೆ ಹೋಗಿ ನೆಲೆಸಲು ತೀರ್ಮಾನಿಸಿದರು. ಹೊರಡುವ ಹಿಂದಿನ ಭಾನುವಾರ ಬರಿಗೈಯಲ್ಲಿ ಹತ್ತಿ ಬಂದು ನನ್ನ ಬಾಗಿಲಲ್ಲಿ ಕೂತರು. ನಾನು ಸಿಲಿಂಡರ್ ಅಡ್ಡ ಇಟ್ಟದ್ದಕ್ಕೆ ಕ್ಷಮೆ ಕೇಳಿದೆ.

"ನನ್ನ ಕೂಗು ಅಷ್ಟು ಚೆನ್ನಾಗಿತ್ತು ಅಂತ ಆಯ್ತಲ್ಲ," ಅಂದರು. ಸ್ವಲ್ಪ ನಕ್ಕರು.

ಗುಳ್ಳೆಯ ವಿಷಯ ಹೇಳಿದೆ. ನಗು ನಿಂತಿತು.

"ಫಿದೆನ್ಸಿಯೊಗೆ ನೀವೇ ಹೇಳಬಾರದಾ?" ಅಂದೆ.

"ಹೇಳ್ದೆ. 'ನೀವು ಏಳು ನಿಮಿಷ ನಲವತ್ತು ಸೆಕೆಂಡಿನವರು, ನನಗೆ ಕಲಿಸ್ತೀರಾ' ಅಂದ. ಕೆಟ್ಟವನಲ್ಲ. ಗ್ರಾಹಕರ ಮುಂದೆ ನಿಂತು ದಣಿವಾರಿಸ್ಕೊಳ್ಳೋಕೆ ಅವನಿಗೆ ನಾಚಿಕೆ. ಆದ್ರೆ ದೊಡ್ಡವರು ಏನಾದ್ರೂ ಕೇಳಿದ್ರೆ ಉತ್ತರ ಕೊಡದೆ ಇರಲ್ಲ." ನಾನು ಕೊಟ್ಟಿದ್ದ ಅಟೋಲೆ ಬಟ್ಟಲು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ದೋನ್ಯಾ ಕಸಿಲ್ದಾ, ಅವನು ಸಿಲಿಂಡರ್ ಇಳಿಸಿದ ಮೇಲೆ, ತಿರುಪಿಗೆ ಕೈ ಹಾಕೋಕೆ ಮುಂಚೆ, ಹೆಂಡತಿ ಹೇಗಿದಾಳೆ, ಮಗೂಗೆ ಹಲ್ಲು ಬಂತಾ ಅಂತ ಒಂದು ನಿಮಿಷ ಅವನನ್ನ ಮಾತಾಡಿಸ್ತೀರಾ?"