ನೀಲದ ಓಲೆಯ ಹಿಂದೆ

ನಿಮ್ಮ ಅತ್ತೆಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಾನು ಒಂದೇ ಮಾತಿನಲ್ಲಿ ಹೇಳುತ್ತೇನೆ: ಕಿವಿ. ಕೇಳಿದವರು ನಗುತ್ತಾರೆ. ಸೊಸೆಗೆ ಅತ್ತೆಯ ಮೇಲೆ ಏನೋ ಸಿಟ್ಟಿರಬೇಕು ಎಂದೂ ಅಂದುಕೊಳ್ಳುತ್ತಾರೆ. ಆದರೆ ನಾನು ಹೇಳಿದ್ದು ಅಪ್ಪಟ ನಿಜ. ಹಳೆಯ ಒಡವೆಗಳನ್ನು ಹರಾಜು ಹಾಕುವ ಮಳಿಗೆಯೊಂದರಲ್ಲಿ ಅತ್ತೆ ಬೇರೆಯವರ ಓಲೆಗಳನ್ನು ತಮ್ಮ ಕಿವಿಗೆ ಹಾಕಿಕೊಂಡು ಕುರ್ಚಿಗಳ ಸಾಲಿನ ನಡುವೆ ನಡೆಯುತ್ತಾರೆ. ಪ್ರತಿ ಸಾಲಿನ ಬಳಿ ನಿಂತು ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸುತ್ತಾರೆ. ಕೊಳ್ಳಲು ಬಂದವರು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಅಷ್ಟಕ್ಕೆ ಸಂಬಳ.

ಅವರು ಅಲ್ಲಿ ಸೇರಿದ್ದು ಪೊಟ್ಟಣ ಕಟ್ಟುವ ಕೆಲಸಕ್ಕೆ. ಒಂದು ಹರಾಜಿನ ದಿನ, ಓಲೆ ತೋರಿಸಲು ಗೊತ್ತುಮಾಡಿದ್ದ ಹುಡುಗಿ ಕೈಕೊಟ್ಟಳು. ಯಜಮಾನರು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ, ಮೂಲೆಯಲ್ಲಿ ದಾರ ಕತ್ತರಿಸುತ್ತಿದ್ದ ಅತ್ತೆಯ ಕಿವಿಯ ಮೇಲೆ ಅವರ ಕಣ್ಣು ಬಿತ್ತು. ತುಂಬಿದ ಹಾಲೆ, ತಲೆಗೆ ಒತ್ತಿಕೊಂಡ ಅಂಚು, ಎಲ್ಲೂ ಒಂದು ಕಲೆಯಿಲ್ಲ. "ದೇವರು ಇವಳ ಮುಖ ಮಾಡೋವಾಗ ಅವಸರದಲ್ಲಿದ್ದ, ಕಿವಿ ಮಾಡೋವಾಗ ಬಿಡುವಾಗಿದ್ದ" ಎಂದು ನಮ್ಮ ಮಾವ ಬದುಕಿದ್ದ ತನಕ ರೇಗಿಸುತ್ತಿದ್ದರಂತೆ. ಅತ್ತೆಯ ಉತ್ತರವೂ ಸಿದ್ಧವಾಗಿರುತ್ತಿತ್ತು: "ನಿಮ್ಮನ್ನ ಮಾಡೋವಾಗ ನಿದ್ದೆ ಹೋಗಿದ್ದ."

ಆ ಮಳಿಗೆಯ ಯಜಮಾನರೇ ಹರಾಜು ಕೂಗುವವರೂ ಹೌದು. ಡಬ್ಬಿಯಲ್ಲಿಟ್ಟ ಓಲೆ ನಿದ್ದೆ ಮಾಡುತ್ತಿರುತ್ತದೆ, ಕಿವಿಗೆ ಹಾಕಿದರೆ ಮಾತ್ರ ಅದಕ್ಕೆ ಎಚ್ಚರವಾಗುತ್ತದೆ ಎನ್ನುವುದು ಅವರ ವಾದ. ಅವರದ್ದೊಂದು ನಿಯಮವೂ ಇದೆ. ಅದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಗೋಡೆಗೆ ನೇತುಹಾಕಿದ್ದಾರೆ: 'ಕಿವಿಯ ಮೇಲೆ ಕಂಡದ್ದೆಲ್ಲ ಕೊಂಡವರಿಗೆ ಸೇರಿದ್ದು.' ಹಿಂದೊಮ್ಮೆ ಯಾರೋ, ಕಿವಿಯಲ್ಲಿ ನೋಡಿದ ತಿರುಪೇ ಬೇರೆ, ಡಬ್ಬಿಯಲ್ಲಿ ಬಂದ ತಿರುಪೇ ಬೇರೆ ಎಂದು ದೊಡ್ಡ ರಂಪ ಮಾಡಿದ್ದರಂತೆ. ಆವತ್ತಿನಿಂದ ಈ ಬೋರ್ಡು. ಹಾಗಾಗಿ ಅತ್ತೆ ಬರಿಗಿವಿಯಲ್ಲೇ ಕೆಲಸಕ್ಕೆ ಹೋಗಬೇಕು, ಕೂದಲನ್ನು ಹಿಂದಕ್ಕೆ ಬಿಗಿದು ಗಂಟು ಹಾಕಬೇಕು. ತಮ್ಮದೆನ್ನುವ ಒಂದು ಪಿನ್ನು ಕೂಡ ಕಿವಿಯ ಹತ್ತಿರ ಸುಳಿಯಬಾರದು.

ಇಂಥ ಕಿವಿಗಳು ಕೆಲವು ವರ್ಷಗಳಿಂದ ಕೇಳಿಸುವುದನ್ನು ನಿಲ್ಲಿಸುತ್ತಾ ಬಂದವು. ಬಲಗಿವಿ ಪೂರ್ತಿ ಹೋಯಿತು. ಎಡಗಿವಿಗೆ ಕಿರುಚಿದರೆ ಮಾತ್ರ ತಲುಪುತ್ತಿತ್ತು. ಅತ್ತೆ ಒಪ್ಪಬೇಕಲ್ಲ! "ನೀನೇ ಬಾಯೊಳಗೆ ಮಾತಾಡ್ತೀಯ" ಎಂದು ನನ್ನ ಮೇಲೇ ಹಾಕುತ್ತಿದ್ದರು. ನಾನು ಅಡುಗೆಮನೆಯಿಂದ "ಅತ್ತೇ, ಊಟಕ್ಕೆ ಬನ್ನೀ!" ಎಂದು ಗಂಟಲು ಹರಿಯುವಂತೆ ಕೂಗುವುದು ಮಹಡಿಯ ಮೇಲಿನವರಿಗೂ ಕೇಳಿಸುತ್ತಿತ್ತು. ಅತ್ತೆಯ ಉತ್ತರ ಮಾತ್ರ ಯಾರಿಗೂ ಕೇಳಿಸುತ್ತಿರಲಿಲ್ಲ, ಏಕೆಂದರೆ ಅವರು ಉತ್ತರ ಕೊಡುತ್ತಲೇ ಇರಲಿಲ್ಲ. ಮೆಟ್ಟಿಲ ಮೇಲೆ ಸಿಕ್ಕ ಮೇಲ್ಮನೆಯಾಕೆ ಒಮ್ಮೆ ನನ್ನ ಕೈ ಹಿಡಿದು, "ವಯಸ್ಸಾದವರು, ಸ್ವಲ್ಪ ಮೆತ್ತಗೆ ಮಾತಾಡಿಸಮ್ಮ" ಎಂದು ಬುದ್ಧಿ ಹೇಳಿದಳು. ನನಗೆ ಮೈ ಉರಿದುಹೋಯಿತು. ಮೆತ್ತಗೆ ಮಾತಾಡಿಸಿ ನೀನೇ ನೋಡು ತಾಯಿ ಎನ್ನಬೇಕೆಂದುಕೊಂಡೆ. ಹೇಳಿದರೆ ಅತ್ತೆಯ ಗುಟ್ಟು ರಟ್ಟಾಗುತ್ತದೆ ಎಂದು ಬಾಯಿಗೆ ಬೀಗ ಹಾಕಿಕೊಂಡೆ. ಹೀಗೆ ಆ ಕಟ್ಟಡಕ್ಕೆಲ್ಲ ನಾನೇ ಜಗಳಗಂಟಿ.

ಗುಟ್ಟು ಕಾಯಲೇಬೇಕಿತ್ತು. ಕಿವಿ ಕೇಳದವಳು ಓಲೆ ತೋರಿಸುವುದೇ ಎಂದು ಯಜಮಾನರು ಮತ್ತೆ ಪೊಟ್ಟಣದ ಮೂಲೆಗೆ ಕಳಿಸುತ್ತಾರೆ, ಇಲ್ಲವೇ ಮನೆಗೇ ಕಳಿಸುತ್ತಾರೆ ಎಂಬ ಭಯ ಅತ್ತೆಗೆ. ಸಂಬಳ ದೊಡ್ಡದಲ್ಲ. ಆದರೆ ಸಾಲುಗಳ ನಡುವೆ ಅಷ್ಟೊಂದು ಕಣ್ಣುಗಳ ಮುಂದೆ ನೆಟ್ಟಗೆ ನಡೆಯುವ ಆ ಹೊತ್ತು ಅವರ ಜೀವ. ಅಲ್ಲಿ ಅವರು ಯಜಮಾನರ ಹುಬ್ಬು ನೋಡಿಕೊಂಡೇ ಕಾಲ ಹಾಕುತ್ತಿದ್ದರು. ಹುಬ್ಬು ಏರಿದರೆ ಮುಂದಿನ ಸಾಲಿಗೆ, ಇಳಿದರೆ ಅಲ್ಲೇ ನಿಲ್ಲಬೇಕು. ಸುತ್ತಿಗೆ ಬಿದ್ದದ್ದು ಹಲಗೆಯ ನೆಲದ ಮೂಲಕ ಅಂಗಾಲಿಗೆ ಗೊತ್ತಾಗುತ್ತಿತ್ತು. ಮಾತಾಡದ ಹೆಂಗಸು, ಬಹಳ ಗಂಭೀರ ಎಂದು ಅಲ್ಲಿಯವರೆಲ್ಲ ಹೊಗಳುತ್ತಿದ್ದರು. ಗಂಭೀರವಂತೆ! ಮನೆಯಲ್ಲಿ ಬಾಯಿ ತೆಗೆದರೆ ನಮ್ಮ ತಲೆ ತಿಂದುಹಾಕುವ ಹೆಂಗಸು.

ನನ್ನ ಮಗಳದ್ದು ಹುಟ್ಟಿನಿಂದಲೇ ಪಿಸುದನಿ. ಮನೆಯ ಗುಟ್ಟುಗಳೆಲ್ಲ ಅವಳ ಬಳಿ ಇರುತ್ತಿದ್ದವು, ಅವನ್ನೆಲ್ಲ ಅಜ್ಜಿಯ ಕಿವಿಯಲ್ಲೇ ಹೇಳಬೇಕು. ಅಪ್ಪನ ಒಂದು ಕಾಲುಚೀಲ ಹಿಟ್ಟಿನ ಡಬ್ಬದಲ್ಲಿದೆ ಎಂಬುದನ್ನು ಅವಳು ಮೊದಲು ಹೇಳಿದ್ದು ಅಜ್ಜಿಗೆ. ಅಜ್ಜಿ "ಹೌದಾ ಪುಟ್ಟಾ, ಒಳ್ಳೇದು" ಎಂದು ತಲೆಯಾಡಿಸಿದರು. ಕಾಲುಚೀಲ ನನ್ನ ಕೈಗೆ ಸಿಕ್ಕಿದ್ದು ಹಿಟ್ಟು ಕಲಸುವಾಗ. ಆಮೇಲೆ ಒಂದು ದಿನ ಮಗು ಬಟ್ಟೆ ಒಗೆಯುವ ಮಷೀನಿನ ಬಾಗಿಲು ತೆರೆದು, ತಲೆ ಒಳಗೆ ಹಾಕಿ ಏನೋ ಪಿಸುಗುಡುತ್ತಿದ್ದುದನ್ನು ಅತ್ತೆ ನೋಡಿದರು.

"ಅದಕ್ಕೆ ಯಾಕೇ ಹೇಳ್ತಿದ್ದೀಯ? ನನಗೆ ಹೇಳೇ" ಎಂದರು.

ಮಗು ತಲೆ ಹೊರಗೆ ತೆಗೆದು, ಅಜ್ಜಿಗೆ ತಿಳಿಯಲೆಂದು ಜೋರಾಗಿ ಹೇಳಿತು. "ನೀನು ಸುಮ್ಮನೆ ತಲೆ ಆಡಿಸ್ತೀಯ ಅಜ್ಜಿ. ನಿನಗೆ ಹೇಳಲ್ಲ."

ಅತ್ತೆ ಆ ದಿನ ಊಟ ಮಾಡಲಿಲ್ಲ. ನಾನು ಅಷ್ಟು ವರ್ಷ ಕಿರುಚಿದ್ದು ತಾಗಿರಲಿಲ್ಲ, ಇದು ತಾಗಿತು. ಮಾರನೆಯ ದಿನ ತಾವಾಗಿಯೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು, "ನಡಿ, ಯಾವ ಡಾಕ್ಟರ ಹತ್ರ ಹೋಗ್ಬೇಕೋ ಹೋಗೋಣ" ಎಂದರು. ಎಡಗಿವಿಯ ಹಿಂದೆ ಕೂರುವ ಪುಟ್ಟ ಮಷೀನೊಂದು ಬಂತು. ಅದನ್ನು ಹಾಕಿದ ಮೊದಲ ದಿನ ಅತ್ತೆ ಮನೆಯೆಲ್ಲ ಓಡಾಡಿ ನಲ್ಲಿ ತಿರುಗಿಸಿದರು, ಬಾಗಿಲು ಕಿರುಗುಟ್ಟಿಸಿದರು, ಕಡೆಗೆ ನನ್ನ ಹತ್ತಿರ ಬಂದು, "ನಿನ್ನ ದನಿ ಇಷ್ಟು ಚೆನ್ನಾಗಿದೆ ಅಂತ ಗೊತ್ತೇ ಇರಲಿಲ್ಲ ಕಣೇ" ಎಂದರು. ನನಗೆ ಅಳು ಬಂತು, ಈರುಳ್ಳಿ ಹೆಚ್ಚುತ್ತಿದ್ದೇನೆಂದು ಸುಳ್ಳು ಹೇಳಿದೆ. ಕೆಲಸಕ್ಕೆ ಹೋಗುವಾಗ ಮಾತ್ರ ಅದನ್ನು ತೆಗೆದು ಕೈಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಯಜಮಾನರ ಕಣ್ಣಿಗೆ ಬಿದ್ದರೆ ಮುಗಿಯಿತಲ್ಲ.

ಅಷ್ಟರಲ್ಲಿ ಮಳಿಗೆಗೆ ನೀಲದ ಓಲೆಗಳು ಬಂದವು. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಒಂದೊಂದು ನೀಲ, ಸುತ್ತ ಸಣ್ಣ ವಜ್ರಗಳ ಸಾಲು. ಅತ್ತೆಗೆ ಹಿಗ್ಗೋ ಹಿಗ್ಗು. "ಇಂಥದ್ದು ನನ್ನ ಕಿವಿಗೆ ಇನ್ನೊಂದ್ಸಲ ಬರಲ್ಲ, ನೀವಿಬ್ರೂ ಬಂದು ನೋಡಿ" ಎಂದು ನನಗೂ ಮಗುವಿಗೂ ಕಡೆಯ ಸಾಲಿನಲ್ಲಿ ಕುರ್ಚಿ ಹಿಡಿಸಿದ್ದರು.

ಹರಾಜು ಶುರುವಾಯಿತು. ಯಜಮಾನರು ನೀಲದ ವರ್ಣನೆ ಮಾಡುತ್ತಿದ್ದಂತೆ ಪಕ್ಕದ ಬಾಗಿಲಿಂದ ಅತ್ತೆ ಬಂದರು. ಮೊದಲ ಸಾಲಿನಲ್ಲಿ ನಿಂತು ತಲೆ ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಮೊದಲು ನನಗೆ ಕಂಡದ್ದು ಹೊಳೆಯುವ ನೀಲಿ. ಆಮೇಲೆ ಎಡಗಿವಿಯ ಹಿಂದೆ ಕಂದು ಬಣ್ಣದ ಆ ಮಷೀನು. ಬೆಳಿಗ್ಗೆ ಹೊರಡುವಾಗ ಮಗು ಏನೋ ಗುಟ್ಟು ಹೇಳುತ್ತ ಕುತ್ತಿಗೆಗೆ ಜೋತುಬಿದ್ದಿತ್ತು. ಆ ಸಡಗರದಲ್ಲಿ ಅತ್ತೆ ಅದನ್ನು ತೆಗೆಯುವುದನ್ನೇ ಮರೆತಿದ್ದರು! ಆ ಕ್ಷಣಕ್ಕೇ ಯಜಮಾನರಿಗೂ ಅದು ಕಂಡಿತು. ಅವರು ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಕೆಮ್ಮಿ, ಮತ್ತೆ ಶುರುಮಾಡಿದರು. ಅಷ್ಟು ಜನರ ಮುಂದೆ ನಿಲ್ಲಿಸುವ ಹಾಗಿರಲಿಲ್ಲ. ಹುಬ್ಬು ಮೇಲೆ ಕೆಳಗೆ ಕುಣಿಯುತ್ತಿತ್ತು. ಅತ್ತೆಗೆ ಇವತ್ತು ಎಲ್ಲ ಕೇಳಿಸುತ್ತಿದ್ದುದರಿಂದ ಅವರು ಹುಬ್ಬಿನ ಕಡೆ ನೋಡಲೇ ಇಲ್ಲ.

ಮೂರನೆಯ ಸಾಲಿನಲ್ಲಿ ಒಬ್ಬಾಕೆ ಪಕ್ಕದವಳ ಕಡೆ ಬಾಗಿ, "ಪಾಪ, ಅವರಿಗೆ ಕಿವಿ ಕೇಳಿಸಲ್ಲ ಅನ್ಸುತ್ತೆ" ಎಂದಳು.

ಅತ್ತೆ ತಲೆಯನ್ನು ನಿಧಾನವಾಗಿ ಅವಳ ಕಡೆ ತಿರುಗಿಸಿದರು. "ಈಗ ಕೇಳಿಸುತ್ತಮ್ಮ" ಎಂದರು.

ಸಭೆ ಘೊಳ್ಳೆಂದು ನಕ್ಕಿತು. ಬಿಗಿಯಾಗಿ ಕೂತಿದ್ದವರೆಲ್ಲ ಸಡಿಲವಾದರು, ಕೂಗು ಏರತೊಡಗಿತು. ಎರಡನೆಯ ಸಾಲಿನಲ್ಲಿ ಒಬ್ಬ ಹಿರಿಯ ಹೆಂಗಸು, ನರೆತ ಕೂದಲನ್ನು ಎರಡೂ ಕಿವಿ ಮುಚ್ಚುವಂತೆ ಬಾಚಿಕೊಂಡವರು, ಎತ್ತಿದ ನಂಬರಿನ ಹಲಗೆಯನ್ನು ಇಳಿಸಲೇ ಇಲ್ಲ. ಯಾರು ಎಷ್ಟು ಕೂಗಿದರೂ ಹಲಗೆ ಮೇಲೇ ಇತ್ತು. ಉಳಿದವರು ಒಬ್ಬೊಬ್ಬರಾಗಿ ಕೈಚೆಲ್ಲಿದರು. ಸುತ್ತಿಗೆ ಬಿತ್ತು.

ನಾನು ಮಗುವನ್ನು ಎತ್ತಿಕೊಂಡು ಪೊಟ್ಟಣದ ಕೋಣೆಗೆ ಓಡಿದೆ. ಅತ್ತೆ ತಿರುಪು ಬಿಚ್ಚಿ ಓಲೆಗಳನ್ನು ಡಬ್ಬಿಗೆ ಇಡುತ್ತಿದ್ದರು. ಯಜಮಾನರು ಮುಖ ಕೆಂಪಗೆ ಮಾಡಿಕೊಂಡು ಬಂದು, "ಏನಮ್ಮ ಇದು? ಎಷ್ಟು ದಿನದಿಂದ ನಡೀತಿದೆ?" ಎಂದು ಎಡಗಿವಿಯ ಕಡೆ ಬೆರಳು ಮಾಡಿದರು. ಸಭೆಯಲ್ಲಿ ಮನೆಯ ಅಭ್ಯಾಸದಂತೆ ಉತ್ತರ ಕೊಟ್ಟಿದ್ದ ಅತ್ತೆಯ ಕೈ ಆಗಲೇ ಕಿವಿಗೆ ಹೋದದ್ದು, ಮಷೀನು ಅಲ್ಲೇ ಇದೆಯೆಂದು ಆಗಲೇ ಗೊತ್ತಾದದ್ದು. ಪಾಪ, ಬಣ್ಣವೇ ಇಳಿದುಹೋಯಿತು. ಅವರು ಬಾಯಿ ತೆಗೆಯುವ ಮೊದಲೇ ಓಲೆ ಕೊಂಡ ಹಿರಿಯರು ಒಳಗೆ ಬಂದರು.

"ಓಲೆ ಕೊಡಿ. ಆ ಹಿಂದಿರೋ ಪುಟ್ಟ ಮಷೀನೂ ಕೊಡಿ" ಎಂದರು. "ಕಿವಿ ಮೇಲೆ ಕಂಡದ್ದೆಲ್ಲ ಕೊಂಡವರಿಗೆ ಅಂತ ಬೋರ್ಡು ಹಾಕಿದ್ದೀರಲ್ಲ."

ಯಜಮಾನರು ಕಕ್ಕಾಬಿಕ್ಕಿಯಾದರು. ಆದರೆ ಆ ಬೋರ್ಡೆಂದರೆ ಅವರಿಗೆ ದೇವರ ಅಪ್ಪಣೆ. ಅತ್ತೆಯ ಕಡೆ ತಿರುಗಿ ದನಿ ತಗ್ಗಿಸಿ, "ಕೊಟ್ಟುಬಿಡಮ್ಮ, ಮಾತು ಅಂದ್ರೆ ಮಾತು. ಹೊಸದು ನಾನು ತೆಗೆಸಿಕೊಡ್ತೀನಿ. ಇಲ್ಲ ಅಂದ್ರೆ ನಾಳೆಯಿಂದ ನೀನು ಇಲ್ಲಿಗೆ ಬರೋದು ಬೇಡ" ಎಂದರು.

ಅತ್ತೆ ಆ ಮನುಷ್ಯನಿಗೆ ಒಂದು ದಿನವೂ ಎದುರಾಡಿದವರಲ್ಲ.

"ಬರಲ್ಲ ಬಿಡಿ" ಎಂದರು ಅತ್ತೆ. "ಓಲೆ ನಿಮ್ಮದು, ಕೆಲಸಾನೂ ನಿಮ್ಮದೇ. ಇದು ನಂದು. ನನ್ನ ಮೊಮ್ಮಗಳು ನನ್ನ ಹತ್ರ ಮತ್ತೆ ಮಾತಾಡೋಕೆ ಶುರು ಮಾಡಿದ್ದಾಳೆ."

ಆ ಹಿರಿಯರು ಎಲ್ಲರ ಬಾಯಿ ನೋಡುತ್ತಾ ನಿಂತಿದ್ದರು. ಆಮೇಲೆ ಯಜಮಾನರನ್ನು ಕೇಳಿದರು: "ಎಷ್ಟಕ್ಕೆ ನಿಂತಿತು?"

"ಎಷ್ಟಕ್ಕೆ ಅಂದ್ರೆ? ನೀವೇ ಅಲ್ವೇ ಕೂಗಿದ್ದು!"

ನನಗೆ ಥಟ್ಟನೆ ಹೊಳೆಯಿತು. ಅತ್ತೆಗೆ ನನಗಿಂತ ಮೊದಲೇ ಹೊಳೆದಿತ್ತು. ಹಲಗೆ ಇಳಿಯದಿದ್ದದ್ದು ಹಠದಿಂದಲ್ಲ. ಯಾರು ಎಷ್ಟು ಕೂಗುತ್ತಿದ್ದಾರೆಂದು ಅವರಿಗೆ ಕೇಳಿಸುತ್ತಲೇ ಇರಲಿಲ್ಲ.

ಹಿರಿಯರು ಕುರ್ಚಿಯ ಮೇಲೆ ಕುಸಿದು ಕೂತರು. "ಮನೇಲಿ ಯಾರಿಗೂ ಗೊತ್ತಿಲ್ಲ" ಎಂದರು. "ಡಾಕ್ಟರ ಹತ್ರ ಹೋದ್ರೆ ಮಕ್ಕಳಿಗೆ ಗೊತ್ತಾಗುತ್ತೆ. ಅಮ್ಮಂಗೆ ವಯಸ್ಸಾಯ್ತು ಅಂತ ಎಲ್ಲಾನೂ ಕೈಯಿಂದ ಕಿತ್ಕೊಳ್ತಾರೆ. ಓಲೆ ಜೊತೆ ಬಂದುಬಿಟ್ರೆ ಯಾರೂ ಕೇಳಲ್ಲ ಅಂದ್ಕೊಂಡೆ." ಆಮೇಲೆ ಅತ್ತೆಯನ್ನು ತೋರಿಸಿ ಯಜಮಾನರಿಗೆ ಹೇಳಿದರು: "ಇದನ್ನ ಹಾಕ್ಕೊಂಡು ಇವರು ಹೇಗೆ ತಲೆ ಎತ್ತಿ ನಡೆದ್ರು ನೋಡಿದ್ರಾ? ಅದನ್ನ ನೋಡೇ ನಾನು ಹಲಗೆ ಎತ್ತಿದ್ದು. ಇವರನ್ನ ಕಳಿಸಿದ್ರೆ ನನ್ನ ಓಲೆ ವಾಪಸ್ ತಗೊಳ್ಳಿ."

ಲಾಭ ಕಂಡರೆ ಕೋಪ ಮರೆಯುವ ಮನುಷ್ಯ ನಮ್ಮ ಯಜಮಾನರು. "ಛೆ ಛೆ, ಕಳಿಸೋದೇನು, ಮುಂದಿನ ಹರಾಜಿಗೂ ಹೀಗೇ ಬರ್ಲಿ" ಎಂದುಬಿಟ್ಟರು.

ಅತ್ತೆ ನೇರ ಹಿರಿಯರ ಹತ್ತಿರ ಬಂದರು. ಮಷೀನನ್ನು ಕಿವಿಯಿಂದ ತೆಗೆದು, ಸೆರಗಿನಲ್ಲಿ ಒರೆಸಿ, ಹಿರಿಯರ ಕೂದಲನ್ನು ಮೆಲ್ಲಗೆ ಸರಿಸಿ ಅವರ ಕಿವಿಯ ಹಿಂದೆ ಇಟ್ಟರು. ಅದು ಸರಿಯಾಗಿ ಕೂರಲಿಲ್ಲ, ಬೆರಳಿನಿಂದ ಒತ್ತಿ ಹಿಡಿದರು. ನನ್ನ ಕಂಕುಳಲ್ಲಿದ್ದ ಮಗು ಹತ್ತಿರ ಬಾಗಿ, ತನ್ನ ಪಿಸುದನಿಯಲ್ಲಿ, "ನಿಮ್ಮ ಓಲೆ ತುಂಬಾ ಚೆನ್ನಾಗಿದೆ" ಎಂದಿತು. ಆ ಹಿರಿಯರ ಕಣ್ಣು ಅರಳಿತು, ಹಾಗೇ ತುಂಬಿಕೊಂಡಿತು. ಮಗುವಿಗೆ ಇನ್ನಷ್ಟು ಹುಮ್ಮಸ್ಸು ಬಂದು ಏನೇನೋ ಹೇಳತೊಡಗಿತು. ಅತ್ತೆ ಅದರ ತುಟಿಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತರು. ಆಮೇಲೆ ಅಂಗೈ ಚಾಚಿದರು.

"ಇನ್ನು ಕೊಡಿ ಅಮ್ಮಾ" ಎಂದರು, ಯಜಮಾನರ ಎದುರಿಗೇ, ಕೋಣೆಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ. "ಮಗು ಏನೋ ಹೇಳ್ತಿದೆ. ನನಗೆ ಕೇಳಿಸ್ತಾ ಇಲ್ಲ."